ಮರಳಿಸದ ಜಾಗ

ಕಂಪ್ಯೂಟರಿನ ಪರದೆಯ ಮೇಲಿದ್ದ ಒಂದು ಸಾಲಿಗೆ ವಾರಿಜಾ ಬೆರಳಿಟ್ಟಳು.

“ಸರ್, ರೋಗಿಯ ಉಸಿರು ತಪ್ಪಿದಾಗಲೆಲ್ಲ ನಮ್ಮ ಮಿಷನ್ನು ಕೂಗತ್ತೆ. ಕೂಗಿದಾಗಲೆಲ್ಲ ಮ್ಯಾಲಕ್ ಅನ್ನೋ ಕಮಾಂಡಿಂದ ಮೆಮೊರಿಯಲ್ಲಿ ಒಂದಿಷ್ಟು ಜಾಗ ತಗೊಳ್ಳತ್ತೆ. ಅದನ್ನ ಫ್ರೀ ಮಾಡಿ ವಾಪಸ್ ಕೊಡೋ ಸಾಲನ್ನೇ ನಾವು ಬರೆದಿಲ್ಲ.”

“ಟೆಸ್ಟಲ್ಲಿ ಚೆನ್ನಾಗೇ ಓಡ್ತಲ್ಲಮ್ಮಾ?” ಎಂದರು ತಂಡದ ಹಿರಿಯ ಶ್ರೀಪಾದ.

“ಪ್ರತಿ ಟೆಸ್ಟಿಗೂ ಮುಂಚೆ ಆಫ್ ಮಾಡಿ ಆನ್ ಮಾಡ್ತಿದ್ವಿ, ಎಲ್ಲಾ ಹೊಸದಾಗಿ ಶುರುವಾಗ್ತಿತ್ತು. ಆಸ್ಪತ್ರೆಯಲ್ಲಿ ಅದನ್ನ ಯಾರು ಸರ್ ಆಫ್ ಮಾಡ್ತಾರೆ?”

ಶ್ರೀಪಾದ ಪರದೆಯತ್ತ ಬಗ್ಗಿದರು. “ಜಾಗ ಪೂರ್ತಿ ಮುಗಿದುಹೋದ್ರೆ?”

“ಆಮೇಲೆ ಏನೇ ಆದ್ರೂ ಕೂಗಲ್ಲ.”

ಮಿಷನ್ನು ಹಾಕಿಸಿಕೊಂಡಿದ್ದ ಆಸ್ಪತ್ರೆಯವರು ಫೋನ್ ಎತ್ತಲಿಲ್ಲ. ಇಬ್ಬರೂ ಆಟೊ ಹಿಡಿದು ಹೋದರು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರನ್ನು ಕೋಣೆಯ ಬಾಗಿಲಲ್ಲೇ ರೋಗಿಯ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ತಡೆದಳು. ಅವಳ ಮುಖದಲ್ಲಿ ನಗುವಿತ್ತು.

“ಮೆಲ್ಲಗೆ ಮಾತಾಡಿ. ಹಗಲೂ ರಾತ್ರಿ ಬಡ್ಕೊಳ್ತಾನೇ ಇದ್ದ ಮಿಷನ್ನು ಈಗ ಸುಮ್ಮನಾಗಿದೆ. ನಮ್ಮ ಯಜಮಾನ್ರೂ ನೆಮ್ಮದಿಯಾಗಿ ಮಲಗಿದಾರೆ.”