ಜರ್ಮನಿಯ ಹೆಪ್ಪು

ವಿದೇಶಿ ಕಂಪನಿಗಳಿಗೆ ಫೋನಿನ ಬಿಡಿಭಾಗ ಜೋಡಿಸಿಕೊಡುವ ಅಡುಗೆಮನೆಗಳನ್ನೆಲ್ಲ ಸರ್ಕಾರ ತೆರಿಗೆ ವಿನಾಯಿತಿಗಾಗಿ ಆಯಾ ಕಂಪನಿಯ ದೇಶವೆಂದೇ ಘೋಷಿಸಿತ್ತು. ಹಾಗಾಗಿ ವೇಮಗಲ್ಲಿನ ಪದ್ದಕ್ಕನ ಒಲೆ ಜರ್ಮನಿಯಲ್ಲಿತ್ತು, ಸೋಫಾ ಕೋಲಾರ ಜಿಲ್ಲೆಯಲ್ಲಿತ್ತು.

ಸಂಜೆ ಪಕ್ಕದ ಮನೆಯ ಮುನಿರತ್ನ ಬಟ್ಟಲು ಹಿಡಿದು ಬಂದಳು.

"ಒಂದು ಚಮಚ ಹೆಪ್ಪು ಕೊಡಕ್ಕ. ನಾಳೆ ಹೊಸ ಅಳಿಯ ಬರ್ತಾನೆ, ಮೊಸರಿಲ್ದಿದ್ರೆ ಮುಖ ಊದಿಸ್ಕೊಂಡು ಹೋಗ್ತಾನೆ."

"ದೀಪ ಹಚ್ಚಾಯ್ತಲ್ಲೇ! ಈಗ ಕೊಟ್ರೆ ಲಕ್ಷ್ಮೀನೂ ನಿನ್ ಹಿಂದೇನೇ ಹೊರಟೋಗ್ತಾಳೆ."

"ದೀಪ ಹಚ್ಚಿದ್ದು ನಡುಮನೇಲಿ. ಜರ್ಮನಿಯಲ್ಲಿ ಇನ್ನೂ ಮಧ್ಯಾಹ್ನ ಕಣಕ್ಕ."

ಹೆಪ್ಪನ್ನು ನಡುಮನೆಗೆ ತಂದರೆ ಸಂಜೆಯಾಗಿಬಿಡುತ್ತಿತ್ತು. ಪದ್ದಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಅತ್ತೆಗೆ ಪಾಸ್‌ಪೋರ್ಟ್ ತೋರಿಸಿ ಒಳಹೋಗಿ, ಹೆಪ್ಪಿನ ಚಮಚವನ್ನು ಕಿಟಕಿಯಿಂದಲೇ ಚಾಚಿದಳು. ಅಷ್ಟರಲ್ಲಿ ಮನೆಗೆ ಓಡಿದ್ದ ಮುನಿರತ್ನ ಎದುರಿನ ತನ್ನ ಅಡುಗೆಮನೆಯ ಕಿಟಕಿಯಿಂದ ಬಟ್ಟಲು ನೀಡಿದಳು.

"ತಡಿಯೇ, ನಿಂದು ಜಪಾನ್ ಕಂಪನಿ ಅಡುಗೆಮನೆ ಅಲ್ವಾ? ಅಲ್ಲಿ ರಾತ್ರಿ!"

"ಇರ್ಲಿ ಬಿಡಕ್ಕ. ದೋಷ ಕೊಡೋರಿಗೆ, ಇಸ್ಕೊಳ್ಳೋರಿಗಲ್ಲ."