ಸೊಸೆ ಬರೆದ ಮಾವನ ಮುಖ

"ಏಯ್, ನನ್ನ ಮುಖ ನೋಡಿದ್ಯಾ?"

ಕುಂಚ ಹಿಡಿದು ಕುಳಿತಿದ್ದ ಬೇಗಾಯಿಮ್ ತಲೆಯನ್ನು ಇನ್ನಷ್ಟು ತಗ್ಗಿಸಿದಳು. "ಇಲ್ಲ ಮಾವ. ನಿಮ್ಮ ಬೂಟು ನೋಡ್ತಿದ್ದೆ."

"ಹಾಂ. ನೋಡದೇ ಬರಿ. ಆದ್ರೆ ನಾನೇ ಬಂದು ಕೂತ ಹಾಗಿರ್ಬೇಕು."

ನಾರಿನ್ ಪಟ್ಟಣದಲ್ಲಿ ಜಪಾರ್ ಮುದುಕನಷ್ಟು ಮಡಿವಂತ ಇನ್ನೊಬ್ಬನಿರಲಿಲ್ಲ. ಸೊಸೆಯಾದವಳು ಮಾವನ ಮುಖಕ್ಕೆ ಕಣ್ಣೆತ್ತಬಾರದು. ಮದುವೆಯಾಗಿ ಆರು ವರ್ಷವಾದರೂ ಬೇಗಾಯಿಮ್ ಅವನ ಗಡ್ಡದ ತುದಿಯಿಂದ ಮೇಲಕ್ಕೆ ನೋಡಿದವಳಲ್ಲ. ಫೋಟೋ ನೋಡಿದರೂ ನೋಡಿದಂತೆಯೇ ಎಂದು ಅವನು ಆಲ್ಬಮ್ಮನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದ.

ಮಡಿಗಿಂತ ದೊಡ್ಡದು ಅವನ ಜಂಬ. ಸೊಸೆ ಸಾಂಸ್ಕೃತಿಕ ಭವನದಲ್ಲಿ ಭಾವಚಿತ್ರ ಬರೆಯುವುದನ್ನು ಕಲಿಯುತ್ತಿದ್ದಾಳೆ, ಅವಳು ಬರೆದ ಅಜ್ಜಿಯ ಚಿತ್ರಕ್ಕೆ ತವರಿನ ಮಕ್ಕಳು ಸಲಾಂ ಹೇಳಿದರಂತೆ ಎಂದು ಕೇಳಿದ್ದೇ ತಡ, ತನ್ನದೂ ಆಗಲೆಂದು ಹಟ ಹಿಡಿದ. ಎಪ್ಪತ್ತು ತುಂಬಿದ ಔತಣದಲ್ಲಿ ಊರೆದುರು ಪರದೆ ಸರಿಸುವುದು. ಹೋಲಿಕೆ ಬಂದರೆ ಕಲಿಕೆ ಮುಂದುವರಿಯಬಹುದು. ಬಾರದಿದ್ದರೆ ಕುಂಚಗಳೆಲ್ಲ ಒಲೆಗೆ.

ಅತ್ತೆ ಸಾಯ್ರಾ ಮಾತ್ರ ಮೊದಲಿಂದಲೂ ಅಡ್ಡಗಾಲು. "ಈ ಮುದುಕನ ಮೋರೆಗೆ ಯಾಕೆ ಬಣ್ಣ ದಂಡ ಮಾಡ್ತೀಯೆ? ಕುದುರೆ ಬರಿ. ನೋಡೋಕೂ ಚೆಂದ, ಮಾತೂ ಆಡಲ್ಲ."

ಬೇಗಾಯಿಮ್ ದೇವರಿಗೆ ಮೊರೆಯಿಟ್ಟಳು. ದಾರಿ ಹೊಳೆಯಿತು. ಮಗನ ಮುಖದಲ್ಲಿ ಅಪ್ಪನಿರದೆ ಇನ್ನಾರಿರುತ್ತಾರೆ? ಗಂಡ ಎಲ್ದಿಯಾರನನ್ನು ಕಿಟಕಿಯ ಬೆಳಕಿಗೆ ಕೂರಿಸಿದಳು. ಚರ್ಮ ಜೋಲುತ್ತದೆ, ಕಿವಿ ಉದ್ದವಾಗುತ್ತದೆ, ಮೂಳೆ ಮಾತ್ರ ಬದಲಾಗದು ಎಂದು ಮೇಷ್ಟ್ರು ಕಲಿಸಿದ್ದರು. ಅದರಂತೆಯೇ ಚಿತ್ರದಲ್ಲಿ ಗಂಡನ ಮುಖಕ್ಕೆ ಮುಪ್ಪು ಬರಿಸಿದಳು. ಬಿಳಿ ಗಡ್ಡ ಅಂಟಿಸಿ ಉಣ್ಣೆಯ ಟೋಪಿ ತೊಡಿಸಿದಳು.

"ಇಷ್ಟು ಬೇಗ ನನ್ನ ಮುದುಕ ಮಾಡಿದ್ಯಲ್ಲೇ!"

"ನಿನ್ನ ಕಟ್ಕೊಂಡು ನಾನು ಮುದುಕಿ ಆಗಿಲ್ವಾ? ಅಲ್ಲಾಡ್ಬೇಡ."

ಒಂದು ಬೆಳಗ್ಗೆ ಚಹಾ ತಂದ ಅತ್ತೆ ಚಿತ್ರ ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. "ಆ ಕಿವಿ ಚಿಕ್ಕದು ಮಾಡು. ಮೂಗು ಮೊಂಡು ಮಾಡು."

"ಹೋಲಿಕೆ ಕೆಡುತ್ತೆ ಅತ್ತೆ."

"ಕೆಟ್ಟರೆ ಕೆಡ್ಲಿ! ದೊಡ್ಡವರು ಹೇಳಿದ್ ಕೇಳ್ಬೇಕು!"

ಬೇಗಾಯಿಮ್ ಕೇಳಲಿಲ್ಲ. ಮುಖ ಮಾಡುವವನು ದೇವರು, ತಾನು ಬರೀ ನಕಲು ತೆಗೆಯುವವಳು ಎಂದುಕೊಂಡಳು.

ಔತಣಕ್ಕೆ ಊರೇ ನೆರೆಯಿತು. ಹಿರಿಯನಿಗೆ ಸಲ್ಲುವ ಕುರಿಯ ತಲೆ ಜಪಾರನ ಮುಂದಿತ್ತು. ಸೊಸೆಯ ಕಣ್ಣು ಎಂದಿನಂತೆ ನೆಲದ ಮೇಲೆ.

"ನೋಡಿ, ಗಂಡಸಿನ ಮುಖ ಅಂದ್ರೆ ಹೇಗಿರ್ಬೇಕು ಅಂತ!" ಎಂದು ಅವನೇ ಪರದೆ ಎಳೆದ.

ಎತ್ತಿದ ಬಟ್ಟಲುಗಳು ಕೆಳಗಿಳಿದವು. ಬಿಳಿಗಡ್ಡದವರೆಲ್ಲ ಒಮ್ಮೆಲೇ ಕೆಮ್ಮತೊಡಗಿದರು. ತನ್ನ ಕುಂಚಗಳು ಆಗಲೇ ಉರಿಯುತ್ತಿರುವಂತೆ ಬೇಗಾಯಿಮ್‌ಗೆ ಅನಿಸಿತು.

"ಹೋಲಲಿಲ್ವಾ?" ಎಂದಳು, ತಲೆ ಎತ್ತದೆ.

ಪಕ್ಕದ ಮನೆಯ ವಿಧವೆ ಕುಮುಶ್ಕಾನ್ ಜನರನ್ನು ತಳ್ಳಿಕೊಂಡು ಬಂದು ಚಿತ್ರವನ್ನು ಎದೆಗವಚಿಕೊಂಡಳು. "ಹೋಲದೇ ಏನೇ ಮಗಳೇ! ನೀನು ಈ ಬೀದಿಗೆ ಕಾಲಿಡೋ ಮೊದಲೇ ಮಣ್ಣಾದ ನನ್ನ ಗಂಡನ್ನ, ನೋಡದೇ ಹೆಂಗೆ ಇಷ್ಟು ತದ್ರೂಪ ಬರೆದೆ?"