ಹೆಣೆದ ದಾರ

ಸೆರಗು ಹೊದ್ದಿದ್ದ ಹೆಂಗಸು ಅಂಗಡಿಯವನನ್ನು ಕೇಳಿದಳು: "ನಮ್ಮನೆಯವರಿಗೆ ಗಾಳದ ದಾರ ಕೊಡಿ ಅಣ್ಣಾ. ಎಂಥಾ ಕಾಟ್ಲಾ ಮೀನು ಎಳೆದ್ರೂ ತುಂಡಾಗಬಾರದು."

ಅವನು ಹೆಣೆದ ದಾರದ ಸುರುಳಿ ಮುಂದಿಟ್ಟ. "ಇದು ತುಂಡಾಗೋ ಮಾತೇ ಇಲ್ಲ. ಗಾಳದ ಕೋಲು ಇದೆ ತಾನೆ?"

"ಇಲ್ಲ. ದಾರಾನ ಬಲಗೈಗೆ ಸುತ್ಕೊಂಡೇ ಹಿಡಿಯೋದು."

"ಅಯ್ಯೋ, ಹಾಗಾದ್ರೆ ಇದು ಬೇಡ ತಾಯಿ! ಮೀನು ಜಗ್ಗಿದ್ರೆ ಬೆರಳೇ ಕತ್ತರಿಸಿ ಹೋಗುತ್ತೆ. ನೈಲಾನ್ ತಗೊಳ್ಳಿ. ಜೋರಾಗಿ ಜಗ್ಗಿದ್ರೆ ಅದೇ ತುಂಡಾಗುತ್ತೆ."

ಆಕೆ ಸೆರಗು ಸರಿಸಿದಳು. ಎಡಗೆನ್ನೆ ಬಾತು, ಕಣ್ಣು ಮುಚ್ಚಿಹೋಗಿತ್ತು.

"ಇದೂ ಆ ಬಲಗೈದೇ ಕೆಲಸ."

ಅಂಗಡಿಯವನು ಆ ಸುರುಳಿಯನ್ನು ಒಳಗಿಟ್ಟು, ಅದಕ್ಕಿಂತ ಗಟ್ಟಿಯಾದದ್ದನ್ನು ತೆಗೆದ.